ಬಾಬಿ ಮೂರ್ ಮುಚ್ಚಿಟ್ಟ ಕಾಯಿಲೆ, ಹೇಳಿಕೊಂಡ ಕಾಯಿಲೆ

‘ಅಷ್ಟು ಗಟ್ಟಿಮುಟ್ಟಾದ ಆಟಗಾರರಿಗೂ ಕ್ಯಾನ್ಸರ್ ಬರುತ್ತದೆಯೇ ಡಾಕ್ಟರೇ?’ ದೊಡ್ಡ ಫುಟ್‌ಬಾಲ್ ಆಟಗಾರರೊಬ್ಬರು ತೀರಿಕೊಂಡ ಸುದ್ದಿ ಬಂದಾಗಲೆಲ್ಲ ಈ ಪ್ರಶ್ನೆ ನನ್ನ ಕೊಠಡಿಗೂ ಬರುತ್ತದೆ. ಹೌದು, ಬರುತ್ತದೆ. ವ್ಯಾಯಾಮ ಕೆಲವು ಕ್ಯಾನ್ಸರ್‌ಗಳ ಅಪಾಯವನ್ನು ತಗ್ಗಿಸುತ್ತದೆ, ಇಲ್ಲವಾಗಿಸುವುದಿಲ್ಲ. ಪೆಲೆ ಅವರನ್ನು ದೊಡ್ಡ ಕರುಳಿನ ಕ್ಯಾನ್ಸರ್ 2022ರಲ್ಲಿ ಕೊಂಡೊಯ್ದಿತು. ಅದರ ಮರುವಾರವೇ ಇಟಲಿಯ ಆಟಗಾರ ವಿಯಾಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೆ ಬಲಿಯಾದರು, ವಯಸ್ಸು 58.

ಕರುಳಿನ ಶಸ್ತ್ರಚಿಕಿತ್ಸಕನಾದ ನನಗೆ ಇವರೆಲ್ಲರಿಗಿಂತ ಹೆಚ್ಚು ನೆನಪಾಗುವವರು ಬಾಬಿ ಮೂರ್. 1966ರಲ್ಲಿ ಇಂಗ್ಲೆಂಡ್ ವಿಶ್ವಕಪ್ ಗೆದ್ದಾಗ ನಾಯಕ. ಅದಕ್ಕೆ ಎರಡು ವರ್ಷ ಮೊದಲು, 23ರ ಹರೆಯದಲ್ಲೇ, ಅವರಿಗೆ ವೃಷಣದ ಕ್ಯಾನ್ಸರ್ ಆಗಿತ್ತು. ಶಸ್ತ್ರಚಿಕಿತ್ಸೆಯಾಯಿತು, ಗುಣವಾಯಿತು, ಮತ್ತೆ ಮೈದಾನಕ್ಕಿಳಿದರು. ಆದರೆ ಅದು ಕ್ಯಾನ್ಸರ್ ಎಂಬುದನ್ನು ಹೊರಗೆ ಯಾರಿಗೂ ಹೇಳಲಿಲ್ಲ. ಅವರನ್ನು ದೂರುವ ಮನಸ್ಸಿಲ್ಲ. ಅಂದಿನ ಕಾಲವೇ ಹಾಗಿತ್ತು. ಆದರೂ ಹದಿನೈದರಿಂದ ಮೂವತ್ತೈದರ ಹುಡುಗರಲ್ಲೇ ಹೆಚ್ಚಾಗಿ ಕಾಣುವ ಈ ಕಾಯಿಲೆಯಿಂದ ಗೆದ್ದು ಬಂದು ವಿಶ್ವಕಪ್ ಎತ್ತಿದ ನಾಯಕನೊಬ್ಬ ಅಂದೇ ಬಾಯಿಬಿಟ್ಟಿದ್ದರೆ, ನಾಚಿಕೆಯಿಂದ ಗಂಟನ್ನು ಮುಚ್ಚಿಟ್ಟುಕೊಂಡ ಎಷ್ಟೋ ಹುಡುಗರು ವೈದ್ಯರ ಬಳಿ ಬರುತ್ತಿದ್ದರೇನೋ.

ಎರಡನೆಯ ಸಲ ಬಂದದ್ದು ದೊಡ್ಡ ಕರುಳಿಗೆ. 1991ರಲ್ಲಿ, ಐವತ್ತರ ಹೊತ್ತಿಗೆ, ಶಸ್ತ್ರಚಿಕಿತ್ಸೆ. ಅದಕ್ಕೂ ಮೊದಲು ಹೊಟ್ಟೆಯ ತೊಂದರೆಗಳು ಇದ್ದೇ ಇದ್ದವು, ಅವನ್ನು ಸಾಧಾರಣ ಕರುಳಿನ ಕಿರಿಕಿರಿ ಎಂದು ಭಾವಿಸಲಾಗಿತ್ತು. ನಮ್ಮಲ್ಲಿ ಇದೇ ಕಥೆಗೆ ಹೆಸರು ಮಾತ್ರ ಬೇರೆ: ಮೂಲವ್ಯಾಧಿ. ಮಲದಲ್ಲಿ ರಕ್ತ ಕಂಡರೆ ಮುಲಾಮು, ನಾಟಿ ಔಷಧಿ, ‘ಉಷ್ಣ ಆಗಿದೆ’ ಎಂಬ ಸಮಾಧಾನ. ರಕ್ತ ಬಂದವರೆಲ್ಲರಿಗೂ ಕ್ಯಾನ್ಸರ್ ಇರುವುದಿಲ್ಲ, ಬಹುಪಾಲು ಮಂದಿಗೆ ನಿಜವಾಗಿಯೂ ಮೂಲವ್ಯಾಧಿಯೇ. ಆದರೆ ಹಾಗೆಂದು ನಿರ್ಧರಿಸಬೇಕಾದದ್ದು ಪರೀಕ್ಷೆ ಮಾಡಿದ ವೈದ್ಯರು, ಔಷಧಿ ಅಂಗಡಿಯವರಲ್ಲ. ಮಲವಿಸರ್ಜನೆಯ ರೂಢಿ ವಾರಗಟ್ಟಲೆ ಬದಲಾಗಿದ್ದರೆ, ಕಾರಣವಿಲ್ಲದೆ ರಕ್ತಹೀನತೆ ಇದ್ದರೆ, ತೂಕ ಇಳಿಯುತ್ತಿದ್ದರೆ ಕಾಯಬಾರದು. ಈ ಕ್ಯಾನ್ಸರ್ ಸಾಮಾನ್ಯವಾಗಿ ಪಾಲಿಪ್ ಎಂಬ ಸಣ್ಣ ಗಂಟಿನಿಂದ ಶುರುವಾಗಿ, ಬೆಳೆಯಲು ಹತ್ತಿರ ಹತ್ತಿರ ಹತ್ತು ವರ್ಷ ತೆಗೆದುಕೊಳ್ಳುತ್ತದೆ. ಕೊಲೊನೋಸ್ಕೋಪಿಯಲ್ಲಿ, ಅಂದರೆ ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳಿನ ಒಳಗನ್ನು ನೋಡುವ ಪರೀಕ್ಷೆಯಲ್ಲಿ, ಆ ಗಂಟನ್ನು ಕಂಡಲ್ಲೇ ಕಿತ್ತು ಹಾಕಬಹುದು. ಇಷ್ಟು ಬಿಡುವು ಕೊಡುವ ಕ್ಯಾನ್ಸರ್ ಬೇರೆ ಹೆಚ್ಚಿಲ್ಲ.

ಮೂರ್ ಈ ಸಲ ಮುಚ್ಚಿಡಲಿಲ್ಲ, ಆದರೆ ಹೇಳಿದ್ದು ತೀರಾ ಕೊನೆಯಲ್ಲಿ. 1993ರ ಫೆಬ್ರುವರಿ 14ರಂದು ಕಾಯಿಲೆಯ ವಿಷಯ ಪ್ರಕಟಿಸಿದರು, 17ರಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಇಂಗ್ಲೆಂಡ್–ಸ್ಯಾನ್ ಮರಿನೊ ಪಂದ್ಯಕ್ಕೆ ವೀಕ್ಷಕ ವಿವರಣೆ ನೀಡಿದರು, 24ರಂದು ತೀರಿಕೊಂಡರು. 51 ವರ್ಷ.

ನಂತರದ ಗೌರವಗಳು ಹಲವು. ವೆಂಬ್ಲಿಯ ಮುಂದೆ 2007ರಲ್ಲಿ ಪ್ರತಿಮೆ ನಿಂತಿತು, ಮರುವರ್ಷ ಅವರು ಆಡಿದ್ದ ವೆಸ್ಟ್ ಹ್ಯಾಮ್ ಕ್ಲಬ್ ಅವರ 6ನೇ ಸಂಖ್ಯೆಯ ಅಂಗಿಯನ್ನು ಯಾರಿಗೂ ಕೊಡುವುದಿಲ್ಲವೆಂದಿತು. ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ತೂಕದ ಸ್ಮಾರಕ ಪತ್ನಿ ಸ್ಟೆಫನಿ 1993ರಲ್ಲೇ ಆರಂಭಿಸಿದ ಬಾಬಿ ಮೂರ್ ನಿಧಿ. ಕರುಳಿನ ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸುವುದು, ಅದರ ಲಕ್ಷಣಗಳನ್ನು ಸಂಕೋಚವಿಲ್ಲದೆ ಹೇಳುವುದು ಅದರ ಕೆಲಸ. ಇದಕ್ಕೆ ಹತ್ತಿರ ಬರುವವರು ನೆದರ್ಲೆಂಡ್ಸ್‌ನ ಫುಟ್‌ಬಾಲ್ ಆಟಗಾರ ಯೊಹಾನ್ ಕ್ರೈಫ್. 1991ರಲ್ಲಿ ಹೃದಯದ ಬೈಪಾಸ್ ಆದ ಮೇಲೆ ಸಿಗರೇಟ್ ಬಿಟ್ಟು, ಸಿಗರೇಟ್ ಪೊಟ್ಟಣವನ್ನು ಚೆಂಡಿನಂತೆ ಕಾಲಿನಲ್ಲಿ ಆಡಿಸಿ ಒದ್ದು ಹಾಕುವ ಜಾಹೀರಾತಿನಲ್ಲಿ ಕಾಣಿಸಿಕೊಂಡರು. 2016ರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಅವರನ್ನು ಕೊಂದಿತು. ‘ಬಿಟ್ಟರೂ ಬಂತಲ್ಲ’ ಎನ್ನುವವರಿಗೆ ಉತ್ತರ ಇಷ್ಟೇ: ಬಿಟ್ಟರೆ ಅಪಾಯ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ, ಸೊನ್ನೆಯಾಗುವುದಿಲ್ಲ.

ಕಾಯಿಲೆಯ ಹೆಸರು ಹೇಳಿ ಎಂದು ನಾನು ರೋಗಿಗಳ ಮನೆಯವರನ್ನು ಪೀಡಿಸುವುದಕ್ಕೆ ಭಾವನಾತ್ಮಕ ಕಾರಣವಿಲ್ಲ. ತಂದೆಗೋ ತಾಯಿಗೋ ದೊಡ್ಡ ಕರುಳಿನ ಕ್ಯಾನ್ಸರ್ ಆಗಿದ್ದರೆ ಮಕ್ಕಳು ನಲವತ್ತಕ್ಕೆ, ಅಥವಾ ಹೆತ್ತವರಿಗೆ ಕಾಯಿಲೆ ಪತ್ತೆಯಾದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಮುಂಚೆಯೋ ಆಗ ಕೊಲೊನೋಸ್ಕೋಪಿ ಮಾಡಿಸಬೇಕು. ‘ಅಪ್ಪ ಹೊಟ್ಟೆನೋವಿನಿಂದ ಹೋದರು’ ಎಂದಷ್ಟೇ ಗೊತ್ತಿರುವ ಮಗ ಈ ಲೆಕ್ಕವನ್ನು ಹಾಕಿಕೊಳ್ಳುವುದಾದರೂ ಹೇಗೆ?