ಒಂದೇ ಜೀನ್ ಜೋಡಿಗೆ ಎರಡು ದೂರ ಏಕೆ?

ಪ್ರಶ್ನೆ: ಒಂದೇ ವರ್ಣತಂತುವಿನಲ್ಲಿರುವ ಎರಡು ಜೀನ್‌ಗಳ ನಡುವಿನ ದೂರ ಪ್ರಯೋಗದಿಂದ ಪ್ರಯೋಗಕ್ಕೆ ಬೇರೆ ಬೇರೆಯಾಗಿ ಬರುವುದೇಕೆ? ಯಾವುದನ್ನು ನಂಬಬೇಕು?
– ಎಂ.ಎಸ್ಸಿ. ವಿದ್ಯಾರ್ಥಿನಿ, ಮಂಡ್ಯ

ಉತ್ತರ: ಜೀನ್‌ಗಳ ನಡುವಿನ ದೂರವನ್ನು ಹೇಳುವ ಮಾನವಾದ ಸೆಂಟಿಮಾರ್ಗನ್ ಉದ್ದದ ಅಳತೆಯಲ್ಲ. ಅಂಡಾಣು, ವೀರ್ಯಾಣುಗಳು ರೂಪುಗೊಳ್ಳುವಾಗ ಜೋಡಿ ವರ್ಣತಂತುಗಳು ತುಣುಕುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಅದರಿಂದಾಗಿ ಎಷ್ಟು ಮರಿಗಳಲ್ಲಿ ಗುಣಗಳ ಹೊಸ ಜೋಡಣೆ ಕಂಡಿತು ಎಂಬ ಎಣಿಕೆಯೇ ಈ ದೂರಕ್ಕೆ ಆಧಾರ. ಅದಲುಬದಲಿನ ಪ್ರಮಾಣ ಬದಲಾದರೆ, ಜೀನ್‌ಗಳು ಇದ್ದಲ್ಲೇ ಇದ್ದರೂ ದೂರ ಬದಲಾಗುತ್ತದೆ.

ಮೈಸೂರು, ಮಂಡ್ಯ ಸೀಮೆಯವರಿಗೆ ಇದರ ಅತ್ಯುತ್ತಮ ಸಾಕ್ಷಿ ರೇಷ್ಮೆಹುಳುವೇ. ಹುಳುವಿನ ಮೈಮೇಲಿನ ಗುರುತಿಗೂ ರಕ್ತದ ಹಳದಿ ಬಣ್ಣಕ್ಕೂ ಕಾರಣವಾದ ಜೀನ್‌ಗಳು 2ನೇ ವರ್ಣತಂತುವಿನಲ್ಲಿವೆ. ಇವೆರಡನ್ನೂ ತಂದೆತಾಯಿಯರಲ್ಲಿ ಒಬ್ಬರಿಂದಲೇ ಪಡೆದ ಮಿಶ್ರತಳಿಯ ಗಂಡು ಚಿಟ್ಟೆಯನ್ನು, ಗುರುತೂ ಹಳದಿಯೂ ಇಲ್ಲದ ತಳಿಯ ಹೆಣ್ಣಿನೊಂದಿಗೆ ಕೂಡಿಸಿದರೆ, ಸುಮಾರು ಕಾಲುಭಾಗ ಹುಳುಗಳಲ್ಲಿ ಗುರುತು ಮಾತ್ರ ಅಥವಾ ಹಳದಿ ಮಾತ್ರ ಕಾಣುತ್ತದೆ. ಅದೇ ಮಿಶ್ರತಳಿಯ ಹೆಣ್ಣು ಚಿಟ್ಟೆಯಿಂದ ಅಂಥ ಹುಳು ಒಂದೂ ಹುಟ್ಟದು, ಏಕೆಂದರೆ ಹೆಣ್ಣು ರೇಷ್ಮೆಚಿಟ್ಟೆಯಲ್ಲಿ ಈ ಅದಲುಬದಲು ನಡೆಯುವುದೇ ಇಲ್ಲ. ಎರಡೂ ಕಡೆಯ ಹುಳುಗಳನ್ನು ಸಮಸಮವಾಗಿ ಬೆರೆಸಿ ಎಣಿಸಿದವರಿಗೆ ಶೇ. 12ರ ಆಸುಪಾಸಿನ ಅಂಕಿ ದೊರೆಯುತ್ತದೆ. ಅದು ಗಂಡಿಗೂ ಸಲ್ಲದು, ಹೆಣ್ಣಿಗೂ ಸಲ್ಲದು. ಜಾಣ ತಳಿತಜ್ಞರು ಈ ವ್ಯತ್ಯಾಸವನ್ನೇ ದುಡಿಸಿಕೊಂಡು, ಜೀನ್ ಯಾವ ವರ್ಣತಂತುವಿನಲ್ಲಿದೆ ಎಂಬುದನ್ನು ಹೆಣ್ಣಿನ ಮೂಲಕವೂ, ಅದರಲ್ಲಿ ಎಲ್ಲಿದೆ ಎಂಬುದನ್ನು ಗಂಡಿನ ಮೂಲಕವೂ ಪತ್ತೆಮಾಡುತ್ತಾರೆ. (ಹಣ್ಣುನೊಣದಲ್ಲಿ ಎಲ್ಲವೂ ತಿರುಗುಮುರುಗು: ಅಲ್ಲಿ ಅದಲುಬದಲು ಇಲ್ಲದಿರುವುದು ಗಂಡಿನಲ್ಲಿ.) ಮನುಷ್ಯರಲ್ಲಿ ಭೇದ ಇಷ್ಟು ಕಟ್ಟುನಿಟ್ಟಲ್ಲವಾದರೂ ಹೆಣ್ಣಿನ ನಕ್ಷೆ (ಈ ದೂರಗಳನ್ನು ಸಾಲಾಗಿ ಜೋಡಿಸಿದ ಜೀನ್‌ಗಳ ಚಿತ್ರ) ಗಂಡಿನದಕ್ಕಿಂತ ಒಂದೂವರೆ ಪಟ್ಟಿಗೂ ತುಸು ಹೆಚ್ಚು ಉದ್ದವಾಗಿದೆ.

ವರ್ಣತಂತುವಿನ ಉದ್ದಕ್ಕೂ ಈ ಪ್ರಮಾಣ ಒಂದೇ ಸಮನಿರುವುದಿಲ್ಲ. ಭತ್ತದಲ್ಲಿ ಸೆಂಟ್ರೋಮಿಯರ್ (ಕೋಶ ವಿಭಜನೆಯಾಗುವಾಗ ವರ್ಣತಂತುವನ್ನು ಎಳೆಯುವ ಎಳೆಗಳು ಅಂಟುವ ಜಾಗ) ಬಳಿ ಅದು ತೀರ ಕಡಿಮೆ. ಅಲ್ಲಿ ನಕ್ಷೆಯಲ್ಲಿ ಒತ್ತೊತ್ತಾಗಿ ಕಾಣುವ ಎರಡು ತಾಣಗಳ ನಡುವೆ ಡಿಎನ್‌ಎಯ ಹಲವು ಲಕ್ಷ ಅಕ್ಷರಗಳಿರಬಹುದು. ರೋಗನಿರೋಧಕ ಜೀನ್ ಅಂಥ ಜಾಗದಲ್ಲಿದ್ದರೆ, ಎಷ್ಟು ಸಲ ಮೂಲ ತಳಿಗೆ ಮರಳಿ ಕೂಡಿಸಿದರೂ ಬೇಡದ ಗುಣಗಳು ಅದರ ಬೆನ್ನುಬಿಡುವುದಿಲ್ಲ.

ಎಣಿಕೆಯನ್ನು ದೂರವಾಗಿ ಪರಿವರ್ತಿಸುವ ಸೂತ್ರದ ಪಾಲೂ ಉಂಟು. ಮರುಸಂಯೋಜನೆ (ಹೊಸ ಜೋಡಣೆ ಕಂಡ ಮರಿಗಳ ಪಾಲು) ಶೇ. 30 ಇದ್ದಾಗ ಬ್ರಿಟಿಷ್ ವಿಜ್ಞಾನಿ ಹಾಲ್ಡೇನ್ ಅವರ 1919ರ ಸೂತ್ರ ಸುಮಾರು 46 ಸೆಂಟಿಮಾರ್ಗನ್ ಎನ್ನುತ್ತದೆ, ನಮ್ಮವರೇ ಆದ ಗಣಿತಜ್ಞ ಡಿ.ಡಿ. ಕೋಸಾಂಬಿಯವರ ಸೂತ್ರ ಸುಮಾರು 35 ಎನ್ನುತ್ತದೆ, ಶೇ. 2ರಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ.

ಆದ್ದರಿಂದ ನಿಮ್ಮ ಮುಂದಿರುವ ಎರಡೂ ಅಂಕಿಗಳು ಸರಿಯಿರಬಹುದು. ಹೋಲಿಸುವ ಮುನ್ನ ಎರಡೂ ಕಡೆ ಮಿಶ್ರತಳಿಯ ಗಂಡು ಬಳಸಿದ್ದರೋ ಹೆಣ್ಣೋ, ಸೂತ್ರ ಯಾವುದು ಎಂಬುದನ್ನು ನೋಡಿ, ದೂರಗಳನ್ನು ಬದಿಗಿಟ್ಟು ಮೂಲ ಎಣಿಕೆಗಳನ್ನೇ ಕೈ-ಸ್ಕ್ವೇರ್ ಪರೀಕ್ಷೆಗೆ (ಎಣಿಕೆಗಳ ವ್ಯತ್ಯಾಸ ಬರೀ ಆಕಸ್ಮಿಕವಿರಬಹುದೇ ಎಂದು ತೂಗುವ ಸಂಖ್ಯಾಶಾಸ್ತ್ರದ ವಿಧಾನ) ಒಡ್ಡಿರಿ. ಅವು ಒಂದಕ್ಕೊಂದು ಹೊಂದದಿದ್ದರೆ ಸರಾಸರಿ ತೆಗೆಯಬೇಡಿ.