ವಾಚ್ ತೋರಿಸಿದ ಕ್ಯಾಲೊರಿಯನ್ನು ತಿಂದುಬಿಡಬೇಡಿ

ಜಿಮ್ಮಿನಿಂದ ಇಳಿದ ಹುಡುಗ ಎದುರಿನ ದರ್ಶಿನಿಗೆ ಹೋಗುತ್ತಾನೆ. ಟೀ ಶರ್ಟ್ ಇನ್ನೂ ಬೆನ್ನಿಗೆ ಅಂಟಿಕೊಂಡಿದೆ. ಕ್ಯಾಷ್ ಕೌಂಟರ್ ಮುಂದೆ ನಿಂತು ಎಡಗೈ ತಿರುಗಿಸಿ ವಾಚ್ ನೋಡುತ್ತಾನೆ: 612. ಮುಖ ಅರಳುತ್ತದೆ. ಒಂದು ಮಸಾಲೆ, ಜೊತೆಗೆ ವಡೆ, ಕಾಫಿ. ಕಾಫಿಗೆ ಮಾತ್ರ ಸಕ್ಕರೆ ಬೇಡ. ಮೂರು ತಿಂಗಳಾದ ಮೇಲೆ ಅದೇ ಹುಡುಗ ಬಂದು ಕೇಳುತ್ತಾನೆ: 'ಕೋಚ್, ದಿನಾ ಆರ್ನೂರು ಬರ್ನ್ ಆಗ್ತಿದೆ, ತೂಕ ಮಾತ್ರ ಕದಲ್ತಿಲ್ಲ. ಥೈರಾಯ್ಡ್ ಇರ್ಬಹುದಾ?'

ಇರಬಹುದು. ಸುಸ್ತು, ಕೂದಲು ಉದುರುವುದು, ಮಲಬದ್ಧತೆ ಕೂಡ ಇದ್ದರೆ ವೈದ್ಯರನ್ನು ಕಂಡು ರಕ್ತಪರೀಕ್ಷೆ ಮಾಡಿಸಿ, ಅದು ನಾನು ಹೇಳುವ ವಿಷಯವಲ್ಲ. ಆದರೆ ಹೀಗೆ ಕೇಳುವವರಲ್ಲಿ ಹೆಚ್ಚಿನವರ ತೊಂದರೆ ಇರುವುದು ಕತ್ತಿನಲ್ಲಲ್ಲ, ಮಣಿಕಟ್ಟಿನಲ್ಲಿ.

ವಾಚಿಗೆ ಕ್ಯಾಲೊರಿಯನ್ನು ಅಳೆಯಲು ಬರುವುದಿಲ್ಲ. ಇದೊಂದನ್ನು ಎಷ್ಟು ಸಲ ಹೇಳಿದರೂ ಸಾಲದು. ಅದರ ಬೆನ್ನಿನಲ್ಲಿರುವ ಹಸಿರು ದೀಪ ಚರ್ಮದೊಳಕ್ಕೆ ಬೆಳಕು ಬಿಡುತ್ತದೆ. ಪ್ರತಿ ಬಡಿತಕ್ಕೂ ರಕ್ತ ತುಂಬಿ ಬಂದಾಗ ಆ ಬೆಳಕು ಹೆಚ್ಚು ಹೀರಿಹೋಗುತ್ತದೆ, ಮರಳಿ ಬರುವುದು ಕಡಿಮೆಯಾಗುತ್ತದೆ. ಈ ಏರಿಳಿತವನ್ನು ಎಣಿಸಿದರೆ ನಾಡಿ. ಒಳಗಿನ ಇನ್ನೊಂದು ಚಿಪ್ ಕೈಯ ಅಲುಗಾಟವನ್ನು ಗಮನಿಸುತ್ತದೆ. ಇವೆರಡಕ್ಕೆ ನೀವು ತುಂಬಿಸಿದ ವಯಸ್ಸು, ಎತ್ತರ, ತೂಕ, ಲಿಂಗ ಸೇರಿಸಿ ಒಂದು ಸೂತ್ರಕ್ಕೆ ಹಾಕಿದರೆ ಬರುವ ಅಂದಾಜೇ ಆ 612. ಎರಡು ವರ್ಷದ ಹಿಂದೆ ತುಂಬಿಸಿದ ತೂಕ ಇವತ್ತಿಗೂ ಹಾಗೇ ಇದೆಯೇ ಎಂದು ಮೊದಲು ನೋಡಿ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ 60 ಜನರಿಗೆ ಏಳು ಬಗೆಯ ವಾಚು-ಬ್ಯಾಂಡ್‌ಗಳನ್ನು ಕಟ್ಟಿ ನಡೆಸಿ, ಓಡಿಸಿ, ಸೈಕಲ್ ತುಳಿಸಿ ನೋಡಿದರು. ನಾಡಿಯ ವಿಚಾರದಲ್ಲಿ ಆರು ವಾಚುಗಳ ತಪ್ಪು ಶೇ. 5ರೊಳಗೇ ಇತ್ತು. ಕ್ಯಾಲೊರಿಯಲ್ಲಿ ಮಾತ್ರ ಅತ್ಯುತ್ತಮ ಎನಿಸಿಕೊಂಡ ವಾಚೇ ಸರಾಸರಿ ಶೇ. 27ರಷ್ಟು ತಪ್ಪಿತ್ತು, ತೀರಾ ಕಳಪೆಯದು ಶೇ. 93. ಅವು ಹಳೆಯ ಮಾಡೆಲ್‌ಗಳು, ಈಗಿನವು ಸುಧಾರಿಸಿರಬಹುದು. ಆದರೂ ಮಣಿಕಟ್ಟಿನ ಮೇಲೆ ಕುಳಿತು ಲೆಕ್ಕ ಹಾಕುವ ದಾರಿ ಅದೇ.

ನಡಿಗೆ, ಓಟದಲ್ಲಿ ನಾಡಿಗೂ ದುಡಿಮೆಗೂ ಒಂದು ನಂಟಿರುತ್ತದೆ. ವೇಗ ಏರಿದರೆ ಸ್ನಾಯುಗಳಿಗೆ ಆಮ್ಲಜನಕ ಹೆಚ್ಚು ಬೇಕು, ಹೃದಯವೂ ಅದಕ್ಕೆ ತಕ್ಕಂತೆ ಓಡುತ್ತದೆ. ಭಾರ ಎತ್ತುವಾಗ ಈ ನಂಟು ಕೆಡುತ್ತದೆ. ಡೆಡ್‌ಲಿಫ್ಟ್‌ನಲ್ಲಿ ಉಸಿರು ಬಿಗಿಹಿಡಿದು ಬಾರ್ ಎತ್ತಿದಾಗ ರಕ್ತದೊತ್ತಡದ ಜೊತೆ ನಾಡಿಯೂ ಹಾರುತ್ತದೆ, ಆದರೆ ಬಳಸಿದ ಆಮ್ಲಜನಕ, ಅಂದರೆ ಸುಟ್ಟ ಕ್ಯಾಲೊರಿ, ಅಷ್ಟಿರುವುದಿಲ್ಲ. ವಾಚು ಮಾತ್ರ ನೀವು ಓಡುತ್ತಿದ್ದೀರಿ ಎಂಬ ಹಾಗೆ ಬರೆದುಕೊಳ್ಳುತ್ತದೆ. ಸೆಕೆಗೂ ಇದೇ ಕಥೆ. ಏಪ್ರಿಲ್‌ನ ಕಲಬುರಗಿಯಲ್ಲಿ ನಡೆಯುವವರ ನಾಡಿ, ಅದೇ ವೇಗದಲ್ಲಿ ಡಿಸೆಂಬರ್‌ನ ಬೆಂಗಳೂರಿನಲ್ಲಿ ನಡೆಯುವಾಗಿನದಕ್ಕಿಂತ ಹೆಚ್ಚಿರುತ್ತದೆ. ಹೃದಯ ಚರ್ಮವನ್ನು ತಣಿಸಲೂ ರಕ್ತ ಕಳಿಸಬೇಕಲ್ಲ. ಈಚೆಗೆ ಫ್ಯಾಷನ್ ಆಗಿರುವ ಕಪ್ಪು ಪ್ಲಾಸ್ಟಿಕ್ಕಿನ ಬೆವರು ಜಾಕೆಟ್ಟಿನ ಗುಟ್ಟೂ ಇದೇ: ನಾಡಿ ಏರುತ್ತದೆ, ವಾಚ್‌ನ ಅಂಕಿ ಏರುತ್ತದೆ, ತಕ್ಕಡಿಯಲ್ಲಿ ಮುಕ್ಕಾಲು ಕೆಜಿ ಇಳಿದಂತೆ ಕಾಣುತ್ತದೆ. ಒಂದು ಬಾಟಲಿ ನೀರು ಕುಡಿದರೆ ಅದೆಲ್ಲ ವಾಪಸ್. ತಲೆ ಸುತ್ತಿ ಬೀಳುವ ಅಪಾಯ ಬೇರೆ. ದಯವಿಟ್ಟು ಬಿಸಾಡಿ.

ಈಗ ಎಲ್ಲರೂ ಎಡವುವ ಜಾಗ. ಇದನ್ನು ನಿಧಾನವಾಗಿ ಓದಿ.

ನಿಮ್ಮ ದೇಹ ಗಂಟೆಗಿಷ್ಟು ಎಂದು ಬಾಡಿಗೆ ಕಟ್ಟುತ್ತದೆ. ಸುಮ್ಮನೆ ಕುಳಿತಿದ್ದರೂ ಪ್ರತಿ ಕೆಜಿ ತೂಕಕ್ಕೆ ಗಂಟೆಗೆ ಸುಮಾರು 1 ಕ್ಯಾಲೊರಿ ಹೋಗುತ್ತಲೇ ಇರುತ್ತದೆ. 70 ಕೆಜಿಯವರಿಗೆ ಗಂಟೆಗೆ 70. ಗಂಟೆಗೆ ಐದೂವರೆ ಕಿ.ಮೀ. ವೇಗದ ಬಿರುಸು ನಡಿಗೆಗೆ ಇದರ ಸುಮಾರು 4.3 ಪಟ್ಟು ಹಿಡಿಯುವುದು ವಾಡಿಕೆ. 70 ಗುಣಿಸು 4.3, ಅಂದರೆ ಒಂದು ಗಂಟೆಗೆ 301. ಈ 301ರಲ್ಲಿ ಬಾಡಿಗೆಯ 70 ಕೂಡ ಸೇರಿದೆ. ನೀವು ನಡೆಯದೆ ಸೋಫಾದ ಮೇಲೆ ಬಿದ್ದುಕೊಂಡಿದ್ದರೂ ಆ 70 ಹೋಗುತ್ತಿತ್ತು. ನಡಿಗೆ ತಂದುಕೊಟ್ಟದ್ದು 231 ಮಾತ್ರ.

ಇದೇಕೆ ಮುಖ್ಯ? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಪಟ್ಟಿಯಲ್ಲಿ, ಕುಳಿತು ಕೆಲಸ ಮಾಡುವ 65 ಕೆಜಿಯ ಗಂಡಸಿಗೆ ದಿನಕ್ಕೆ 2110, 55 ಕೆಜಿಯ ಹೆಂಗಸಿಗೆ 1660 ಕ್ಯಾಲೊರಿ ಎಂದಿದೆ. ಆ ದಿನದ ಲೆಕ್ಕದಲ್ಲಿ 24 ಗಂಟೆಯ ಬಾಡಿಗೆಯೂ ಬಂದಾಗಿದೆ. ನೀವು 301ನ್ನು ಪೂರ್ತಿಯಾಗಿ ಅದರ ಮೇಲೆ ಕೂಡಿಸಿ ತಿಂದರೆ ಒಂದೇ ಬಾಡಿಗೆಯನ್ನು ಎರಡು ಸಲ ವಸೂಲು ಮಾಡಿದಂತಾಯಿತು. ಅರ್ಥವಾಗದಿದ್ದರೆ ಹಿಂದಿನ ಪ್ಯಾರಾ ಇನ್ನೊಮ್ಮೆ ಓದಿ, ನಾನು ಕಾಯುತ್ತೇನೆ.

ಕಂಪನಿಗಳೂ ಒಂದೇ ಭಾಷೆ ಆಡುವುದಿಲ್ಲ. ಆಪಲ್ ವಾಚ್‌ನ ಕೆಂಪು ಉಂಗುರ ಬಾಡಿಗೆ ಬಿಟ್ಟು ಚಟುವಟಿಕೆಯದ್ದನ್ನು ಮಾತ್ರ ಎಣಿಸುತ್ತದೆ. ಫಿಟ್‌ಬಿಟ್‌ನ ದಿನದ ಮೊತ್ತದಲ್ಲಿ ಬಾಡಿಗೆ ಸೇರಿರುತ್ತದೆ. ಅದಕ್ಕೇ ಬೆಳಿಗ್ಗೆ ಕಣ್ಣುಬಿಡುವಷ್ಟರಲ್ಲಿ ಅದು ನಾಲ್ಕು ನೂರು ದಾಟಿರುತ್ತದೆ. ಇಬ್ಬರು ಸ್ನೇಹಿತರು ಪಕ್ಕಪಕ್ಕ ನಿಂತು ಈ ಎರಡನ್ನು ಹೋಲಿಸಿಕೊಂಡು ಜಗಳವಾಡುವುದನ್ನು ನೋಡಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಹಾಗಾದರೆ ದರ್ಶಿನಿ ಹುಡುಗನ 612? 70 ಕೆಜಿ, ಒಂದು ಗಂಟೆ ಭಾರ ಎತ್ತುವುದು. ಇಪ್ಪತ್ತು ಸೆಟ್, ಸೆಟ್ಟಿಗೆ 40 ಸೆಕೆಂಡ್ ಎಂದರೆ ನಿಜವಾದ ದುಡಿಮೆ 13 ನಿಮಿಷ, ಉಳಿದದ್ದು ಕನ್ನಡಿ ಮತ್ತು ಫೋನ್. ಧಾರಾಳವಾಗಿ ಬಾಡಿಗೆಯ ನಾಲ್ಕು ಪಟ್ಟು ಹಿಡಿದರೂ 280. ಬಾಡಿಗೆ ಕಳೆದರೆ 210. ವಾಚಿಗೂ ಇದಕ್ಕೂ ದಿನಕ್ಕೆ 400 ವ್ಯತ್ಯಾಸ. ಅದರಲ್ಲಿ ಅರ್ಧವನ್ನಷ್ಟೇ ತಿಂದ ಎಂದುಕೊಳ್ಳಿ: ತಿಂಗಳಿಗೆ 6000. ಒಂದು ಕೆಜಿ ಕೊಬ್ಬಿಗೆ ಸುಮಾರು 7700 ಎಂಬ ಒರಟು ಲೆಕ್ಕದಲ್ಲಿ ಮುಕ್ಕಾಲು ಕೆಜಿಗಿಂತ ಹೆಚ್ಚು. ಇಳಿಯಬೇಕಾಗಿದ್ದ ತೂಕ ಇಲ್ಲಿಗೆ ಹೋಯಿತು.

ಭಾರ ಎತ್ತುವುದನ್ನು ಬಿಡಿ ಎನ್ನುತ್ತಿಲ್ಲ. ಅದರ ಲಾಭ ಸ್ನಾಯುವಿಗೆ, ಮೂಳೆಗೆ. ಕ್ಯಾಲೊರಿಯ ಅಂಕಿಯಲ್ಲಿ ಅದನ್ನು ಹುಡುಕುವುದೇ ತಪ್ಪು.

ಫೋನ್‌ನಲ್ಲಿ ಊಟ ಬರೆದಿಡುವ ಆ್ಯಪ್ ಇದ್ದರೆ ಈಗಲೇ ಎರಡು ಕೆಲಸ ಮಾಡಿ. ವ್ಯಾಯಾಮದ ಕ್ಯಾಲೊರಿಯನ್ನು ಊಟದ ಮಿತಿಗೆ ಸೇರಿಸುವ ಆಯ್ಕೆಯನ್ನು ಆಫ್ ಮಾಡಿ. ವಾಚನ್ನೂ ಜೋಡಿಸಿ, ಪ್ರೊಫೈಲ್‌ನಲ್ಲಿ 'ತುಂಬಾ ಚಟುವಟಿಕೆ' ಅಂತಲೂ ಆರಿಸಿದ್ದರೆ ಒಂದೇ ವ್ಯಾಯಾಮ ಎರಡು ಕಡೆ ಎಣಿಕೆಯಾಗುವ ಸಾಧ್ಯತೆ ಇದೆ. 'ಕುಳಿತು ಕೆಲಸ' ಎಂಬುದಕ್ಕೆ ಬದಲಿಸಿ.

ನಾಡಿಯಾದರೂ ಸರಿ ಬರಬೇಕಿದ್ದರೆ ವಾಚನ್ನು ಬಳೆಯ ಹಾಗೆ ತೊಡುವುದನ್ನು ಬಿಡಬೇಕು. ಸಡಿಲವಾಗಿ ಜೋತಾಡುವ ಲೋಹದ ಪಟ್ಟಿ ಮದುವೆ ಮನೆಗೆ ಚೆಂದ. ವ್ಯಾಯಾಮಕ್ಕೆ ರಬ್ಬರ್ ಪಟ್ಟಿ ಹಾಕಿ, ಮಣಿಕಟ್ಟಿನ ಉಬ್ಬು ಮೂಳೆಯಿಂದ ಎರಡು ಬೆರಳಗಲ ಮೇಲಕ್ಕೆ, ಕೈ ಅಲುಗಿಸಿದರೆ ಜಾರದಷ್ಟು ಬಿಗಿಯಾಗಿ ಕಟ್ಟಿ. ಮುಗಿದ ಮೇಲೆ ಸಡಿಲಿಸಿ, ಬೆವರು ಒರೆಸಿ, ಇಲ್ಲದಿದ್ದರೆ ತುರಿ ಏಳುತ್ತದೆ. ಸಡಿಲ ವಾಚು ಓಡುವಾಗ ಬಡಿತದ ಬದಲು ಹೆಜ್ಜೆಯನ್ನೇ ಎಣಿಸುವುದುಂಟು. ಆರಾಮವಾಗಿ ಮಾತಾಡಿಕೊಂಡು ಓಡುತ್ತಿದ್ದೀರಿ, ವಾಚು 170 ಎನ್ನುತ್ತಿದೆ ಎಂದಾದರೆ ಅನುಮಾನಪಡಿ. ನಿಂತು, ಹೆಬ್ಬೆರಳ ಬುಡದ ಕೆಳಗೆ ಎರಡು ಬೆರಳಿಟ್ಟು 15 ಸೆಕೆಂಡ್ ಎಣಿಸಿ, ನಾಲ್ಕರಿಂದ ಗುಣಿಸಿ. ಬೇಗ ಎಣಿಸಬೇಕು, ನಿಂತ ಅರ್ಧ ನಿಮಿಷದಲ್ಲೇ ನಾಡಿ ಇಳಿಯತೊಡಗುತ್ತದೆ. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಮಾತ್ರೆ ನುಂಗುವವರಿಗೆ ನಾಡಿ ಅಷ್ಟು ಏರುವುದಿಲ್ಲ; ನಾಡಿ ನೋಡಿ ಹಗುರ, ಬಿರುಸು ಎಂದು ವಾಚು ವಿಂಗಡಿಸುವ ವಲಯಗಳು ಅವರಿಗೆ ಹೊಂದುವುದಿಲ್ಲ, ವೈದ್ಯರನ್ನು ಕೇಳಿ.

ಇನ್ನು ಎಷ್ಟು ತಿನ್ನಬೇಕೆಂದು ಗೊತ್ತಾಗುವುದು ಹೇಗೆ? ತಕ್ಕಡಿಯಿಂದ. ಬೆಳಿಗ್ಗೆ ಶೌಚ ಮುಗಿಸಿ, ಏನೂ ಕುಡಿಯುವ ಮೊದಲು ದಿನಾ ತೂಗಿ ಬರೆದಿಡಿ. ಒಂದು ದಿನದ ಅಂಕಿಗೆ ಬೆಲೆಯಿಲ್ಲ. ಹಿಂದಿನ ರಾತ್ರಿ ಉಪ್ಪಿನಕಾಯಿ ಜಾಸ್ತಿಯಾದರೂ, ಮುಟ್ಟಿನ ದಿನಗಳಲ್ಲೂ ಒಂದು ಕೆಜಿ ಆಚೀಚೆ ಆಗುತ್ತದೆ. ಏಳು ದಿನದ ಸರಾಸರಿ ತೆಗೆದು, ಮುಂದಿನ ವಾರದ ಸರಾಸರಿಗೆ ಹೋಲಿಸಿ. ಮೂರು ವಾರವಾದರೂ ಸರಾಸರಿ ಕದಲದಿದ್ದರೆ ದಿನದ ಊಟದಲ್ಲಿ 200 ಕ್ಯಾಲೊರಿ ಇಳಿಸಿ, ಮತ್ತೆ ಮೂರು ವಾರ ನೋಡಿ. ಒಂದು ಟೀ ಚಮಚ ಎಣ್ಣೆಯಲ್ಲಿ ಸುಮಾರು 40 ಕ್ಯಾಲೊರಿ ಇರುತ್ತದೆ; ಐದು ಚಮಚಕ್ಕೆ 200 ಆಯಿತು. ದಿನದ ಒಗ್ಗರಣೆ, ಪಲ್ಯ, ದೋಸೆ ಕಾವಲಿ ಮೂರೂ ಸೇರಿ ಎಷ್ಟು ಚಮಚ ಹೋಗುತ್ತಿದೆ ಎಂದು ಒಂದು ವಾರ ಅಳೆದು ಸುರಿಯಿರಿ.