ಕೆಲಸ ಹೋಯ್ತು, ಪರ್ಮಿಟ್ ಇನ್ನೂ ಇದೆ: ಕೆನಡಾ ಬಿಟ್ಟು ಹೊರಡಲೇಬೇಕಾ?

ಪ್ರಶ್ನೆ: ನಾನು ಒಂಟಾರಿಯೊದಲ್ಲಿ ಒಂದು ಹೋಟೆಲ್‌ನಲ್ಲಿ ಅಡುಗೆ ಕೆಲಸ ಮಾಡುತ್ತಿದ್ದೆ. ಕ್ಲೋಸ್ಡ್ ವರ್ಕ್ ಪರ್ಮಿಟ್, ಅಂದರೆ ಆ ಒಬ್ಬ ಓನರ್ ಹತ್ತಿರ ಮಾತ್ರ ಕೆಲಸ ಮಾಡಬಹುದಾದ ಪರ್ಮಿಟ್. ಇನ್ನೂ ಹನ್ನೊಂದು ತಿಂಗಳು ಬಾಕಿ ಇದೆ. ಹೋದ ವಾರ ಕೆಲಸದಿಂದ ತೆಗೆದರು. "ನಿನ್ನ ಪರ್ಮಿಟ್ ಕ್ಯಾನ್ಸಲ್ ಮಾಡಿಸಿದ್ದೀನಿ, ಹತ್ತು ದಿನದಲ್ಲಿ ದೇಶ ಬಿಡು" ಅಂತ ಓನರ್ ಹೇಳುತ್ತಿದ್ದಾರೆ. ರೂಮಿನಲ್ಲಿರುವವರು ಅರವತ್ತು ದಿನ ಟೈಮ್ ಇರುತ್ತೆ ಅಂತಾರೆ. ಯಾವುದು ನಿಜ?

ಎರಡೂ ಸುಳ್ಳು. ಮೊದಲು ಒಂದು ಲೋಟ ನೀರು ಕುಡಿಯಿರಿ, ಆಮೇಲೆ ಪರ್ಮಿಟ್ ಕಾಗದ ತೆಗೆದು ಮುಂದಿಟ್ಟುಕೊಳ್ಳಿ.

ಅದರಲ್ಲಿ ಓನರ್ ಹೆಸರು ಇರುತ್ತೆ, ಯಾವ ಕೆಲಸ ಅಂತ ಇರುತ್ತೆ, ಮುಗಿಯುವ ತಾರೀಖು ಇರುತ್ತೆ. ಇದು ಒಂದೇ ಕಾಗದ ಆದರೂ ಅದರೊಳಗೆ ಎರಡು ಬೇರೆ ಬೇರೆ ಅನುಮತಿ ಇವೆ. ಒಂದು, ಈ ದೇಶದಲ್ಲಿ ಇರಬಹುದು ಅನ್ನೋದು. ಇನ್ನೊಂದು, ಈ ಓನರ್ ಹತ್ತಿರ ಈ ಕೆಲಸ ಮಾಡಬಹುದು ಅನ್ನೋದು. ಕೆಲಸ ಹೋದಾಗ ಎರಡನೆಯದು ಉಪಯೋಗಕ್ಕೆ ಬರದ ಹಾಗಾಗುತ್ತೆ, ಅಷ್ಟೇ. ಮೊದಲನೆಯದು ಆ ತಾರೀಖಿನವರೆಗೂ ನಿಮ್ಮದೇ. ಹನ್ನೊಂದು ತಿಂಗಳು ಇದ್ದರೆ ಹನ್ನೊಂದು ತಿಂಗಳೂ ನೀವು ಇಲ್ಲಿ ಕಾನೂನುಬದ್ಧವಾಗಿಯೇ ಇರುತ್ತೀರಿ.

ಇನ್ನು ಓನರ್ ಕ್ಯಾನ್ಸಲ್ ಮಾಡಿಸಿದ್ದು. ಪರ್ಮಿಟ್ ಕೊಟ್ಟಿದ್ದು ಕೆನಡಾದ ವಲಸೆ ಇಲಾಖೆ, ಅಂದರೆ ಐಆರ್‌ಸಿಸಿ. ಓನರ್ ಅಲ್ಲ. ಇವರು ಕೆಲಸ ಬಿಟ್ಟರು ಅಂತ ಆತ ಇಲಾಖೆಗೆ ತಿಳಿಸಬಹುದು, ಆದರೆ ನಿಮ್ಮ ಸ್ಟೇಟಸ್ ಬದಲಾಯಿಸುವ, ನಿಮ್ಮನ್ನು ದೇಶದಿಂದ ಹೊರಗೆ ಹಾಕಿಸುವ ಅಧಿಕಾರ ಯಾವ ಓನರ್‌ಗೂ ಇಲ್ಲ ಅಂತ ಸರ್ಕಾರವೇ ಕೆಲಸಗಾರರಿಗೆ ಕೊಡುವ ಮಾಹಿತಿಯಲ್ಲಿ ಬರೆದಿದೆ. ಪಾಸ್‌ಪೋರ್ಟನ್ನೋ ಪರ್ಮಿಟನ್ನೋ ಕಿತ್ತಿಟ್ಟುಕೊಳ್ಳುವಂತೆಯೂ ಇಲ್ಲ. ಇಟ್ಟುಕೊಂಡಿದ್ದರೆ ಇವತ್ತೇ ಬರಹದಲ್ಲಿ ವಾಪಸ್ ಕೇಳಿ. ಬಾಯಿ ಮಾತಲ್ಲಿ ಬೇಡ, ಮೆಸೇಜೋ ಮೇಲೋ ಇರಲಿ.

ಅರವತ್ತು ದಿನದ ಕಥೆ ಎಲ್ಲಿಂದ ಬಂತು ಅಂದರೆ, ಅದು ಪಕ್ಕದ ದೇಶದ್ದು. ಅಮೆರಿಕದಲ್ಲಿ ಎಚ್‌1ಬಿ ಅನ್ನೋ ಕೆಲಸದ ವೀಸಾ ಮೇಲಿರುವವರಿಗೆ ಕೆಲಸ ಹೋದರೆ ಗರಿಷ್ಠ 60 ದಿನ ಗ್ರೇಸ್ ಅಂತ 2017ರ ಜನವರಿಯಿಂದ ನಿಯಮ ಇದೆ. ಬ್ರಿಟನ್‌ನಲ್ಲೂ ಓನರ್ ತಿಳಿಸಿದ ಮೇಲೆ ವೀಸಾ ಅವಧಿಯನ್ನು ಸಾಮಾನ್ಯವಾಗಿ 60 ದಿನಕ್ಕೆ ಇಳಿಸಿ ಪತ್ರ ಕಳಿಸುತ್ತಾರೆ. ಹಾಗಾಗಿ ಅಲ್ಲಿರುವ ಭಾವನೋ ಕಸಿನ್ನೋ ಹೇಳಿದ್ದು ಅವರ ಮಟ್ಟಿಗೆ ಸರಿಯೇ. ಅದನ್ನ ಇಲ್ಲಿಗೆ ತಂದು ಹಾಕಿದಾಗ ಗಾಬರಿ ಶುರುವಾಗುತ್ತೆ, ಆ ಗಾಬರಿಯಲ್ಲಿ ಜನ ಸಿಕ್ಕ ಟಿಕೆಟ್ ಬುಕ್ ಮಾಡಿ ಹೊರಟುಬಿಡುತ್ತಾರೆ, ಇಲ್ಲವಾದರೆ ಯಾರೋ ಕೊಟ್ಟ ನಂಬರಿಗೆ ಫೋನ್ ಮಾಡಿ ಸಾವಿರಾರು ಡಾಲರ್ ಕಳೆದುಕೊಳ್ಳುತ್ತಾರೆ.

ನನಗೆ ಕೇಳಿದರೆ ನಿಜವಾದ ಅಪಾಯ ಇರೋದು ಮೊದಲ ವಾರದಲ್ಲಿ ಅಲ್ಲ. ಮೂರನೇ ತಿಂಗಳಲ್ಲಿ. ಕೈಯಲ್ಲಿ ದುಡ್ಡು ಖಾಲಿ ಆಗಿರುತ್ತೆ, ಪರಿಚಯದವರೊಬ್ಬರು "ಬಾ ಮಾರಾಯ, ಕ್ಯಾಶ್ ಕೊಡ್ತೀನಿ, ಯಾರಿಗೂ ಗೊತ್ತಾಗಲ್ಲ" ಅಂತಾರೆ. ಅಲ್ಲಿ ಕಾಲಿಟ್ಟರೆ ಹೋಯ್ತು. ಪರ್ಮಿಟ್‌ನಲ್ಲಿ ಹೆಸರಿಲ್ಲದ ಕಡೆ ದುಡಿದರೆ ಷರತ್ತು ಮುರಿದ ಹಾಗೆ. ದೇಶ ಬಿಡುವ ಆದೇಶ ಬರಬಹುದು, ಮುಂದಿನ ಅರ್ಜಿಗಳೂ ಕೆಡಬಹುದು, ಆ ಅನುಭವ ಪಿಆರ್‌ಗೂ (ಇಲ್ಲೇ ಕಾಯಂ ಆಗಿ ನೆಲೆಸುವ ಅನುಮತಿಗೂ) ಲೆಕ್ಕಕ್ಕೆ ಬರಲ್ಲ. ಫುಡ್ ಡೆಲಿವರಿ ಆ್ಯಪ್ ಕೂಡ ಇದೇ ಸಾಲಿಗೆ ಸೇರುತ್ತೆ.

ಇನ್ನೊಂದು ತುಂಬಾ ಜನಕ್ಕೆ ಗೊತ್ತಿರಲ್ಲ: ಸಂಬಳ ತಗೊಂಡಿಲ್ಲ ಅಂದ ಮಾತ್ರಕ್ಕೆ ಅದು ಕೆಲಸ ಅಲ್ಲ ಅಂತ ಆಗಲ್ಲ. ಇಲ್ಲಿನ ಕಾನೂನಿನಲ್ಲಿ ಕೆಲಸ ಅಂದರೆ ಸಂಬಳವೋ ಕಮಿಷನ್ನೋ ಸಿಗುವಂಥದ್ದು, ಅಥವಾ ಇಲ್ಲಿನ ಜನ ಮಾಡುವ ಕೆಲಸಕ್ಕೆ ನೇರವಾಗಿ ಪೈಪೋಟಿ ಆಗುವಂಥದ್ದು. ಅಂದರೆ ಹೊಸ ಹೋಟೆಲ್‌ನವರು "ಎರಡು ದಿನ ಸುಮ್ನೆ ಟ್ರಯಲ್‌ಗೆ ಬಾ, ನೋಡೋಣ" ಅಂದರೂ ಹೋಗಬೇಡಿ. ಇಂಟರ್‌ವ್ಯೂಗೆ ಹೋಗಿ, ಮಾತಾಡಿ, ಒಲೆ ಹಚ್ಚಬೇಡಿ.

ಹಾಗಾದರೆ ಹೊಸ ಕೆಲಸಕ್ಕೆ ದಾರಿ ಏನು? ಇಲ್ಲೇ ಸ್ವಲ್ಪ ಕಷ್ಟ ಇರೋದು. ಹೊಸ ಓನರ್ ಹೆಸರಲ್ಲಿ ಹೊಸ ಪರ್ಮಿಟ್ ಬೇಕು. ಅದಕ್ಕೆ ಬಹಳಷ್ಟು ಕೆಲಸಗಳಲ್ಲಿ ಆ ಓನರ್ ಮೊದಲು ಎಲ್‌ಎಂಐಎ ತರಬೇಕು. ಈ ಜಾಗಕ್ಕೆ ಇಲ್ಲಿನವರು ಸಿಗಲಿಲ್ಲ, ಹೊರಗಿನವರನ್ನು ಇಟ್ಟುಕೊಂಡರೆ ಯಾರ ಹೊಟ್ಟೆ ಮೇಲೂ ಹೊಡೆದ ಹಾಗಾಗಲ್ಲ ಅಂತ ಸರ್ಕಾರ ಕೊಡುವ ಪತ್ರ ಅದು. ಒಂದು ಹುದ್ದೆಗೆ 1,000 ಡಾಲರ್ ಫೀಸು. ಆ ಫೀಸನ್ನು ಓನರ್ ತನ್ನ ಜೇಬಿನಿಂದಲೇ ಕಟ್ಟಬೇಕು, ನಿಮ್ಮ ಹತ್ತಿರ ವಸೂಲಿ ಮಾಡುವುದು ಕಾನೂನಿಗೆ ವಿರುದ್ಧ. 2022ರ ಸೆಪ್ಟೆಂಬರ್‌ನಲ್ಲಿ ಬಂದ ನಿಯಮದಲ್ಲಿ ಕೆಲಸ ಕೊಡಿಸಿದ್ದಕ್ಕೆ ಕೆಲಸಗಾರರಿಂದ ದುಡ್ಡು ಕೀಳಬಾರದು ಅಂತ ಇನ್ನೂ ಸ್ಪಷ್ಟವಾಗಿ ಹೇಳಿದ್ದಾರೆ. ಆದರೂ ಎಲ್‌ಎಂಐಎ ಮಾರುವವರು ಇದ್ದೇ ಇದ್ದಾರೆ, ಅವರಲ್ಲಿ ನಮ್ಮ ಭಾಷೆಯಲ್ಲೇ ಅಣ್ಣಾ ಅಂತ ಮಾತಾಡಿಸುವವರೂ ಇದ್ದಾರೆ. ದುಡ್ಡು ಕೇಳಿದ ಕೂಡಲೇ ಎದ್ದು ಬನ್ನಿ. ಸಲಹೆಗಾರರು ಬೇಕೇ ಬೇಕು ಅಂದರೆ ವಲಸೆ ಸಲಹೆಗಾರರ ಕಾಲೇಜಿನ (ಓದುವ ಕಾಲೇಜಲ್ಲ, ಅವರಿಗೆ ಲೈಸೆನ್ಸ್ ಕೊಡುವ ಸಂಸ್ಥೆ) ಲೈಸೆನ್ಸ್ ಇದೆಯಾ ನೋಡಿ, ಅವರ ಹೆಸರು ಸಾರ್ವಜನಿಕ ಪಟ್ಟಿಯಲ್ಲಿ ಸಿಗುತ್ತೆ. ವಕೀಲರಾದರೆ ಆಯಾ ಪ್ರಾಂತ್ಯದ ಲಾ ಸೊಸೈಟಿ, ಅಂದರೆ ವಕೀಲರ ಸಂಘದ ಪಟ್ಟಿಯಲ್ಲಿ ನೋಡಿ.

ನಿಮ್ಮಂಥ ಅಡುಗೆ ಕೆಲಸದವರಿಗೆ ಇನ್ನೊಂದು ಗೋಡೆ ಇದೆ. 2024ರ ಸೆಪ್ಟೆಂಬರ್ 26ರಿಂದ, ನಿರುದ್ಯೋಗ ಶೇ. 6 ಅಥವಾ ಅದಕ್ಕಿಂತ ಜಾಸ್ತಿ ಇರುವ ದೊಡ್ಡ ನಗರ ಪ್ರದೇಶಗಳಲ್ಲಿ ಕಡಿಮೆ ಸಂಬಳದ ಕೆಲಸಗಳಿಗೆ ಎಲ್‌ಎಂಐಎ ಅರ್ಜಿಯನ್ನೇ ತೆಗೆದುಕೊಳ್ಳುತ್ತಿಲ್ಲ. ಕೃಷಿ, ಕಟ್ಟಡ ಕೆಲಸ, ಆಸ್ಪತ್ರೆ, ಆಹಾರ ಸಂಸ್ಕರಣೆ ಇಂಥವಕ್ಕೆ ವಿನಾಯಿತಿ ಇದೆ, ಹೋಟೆಲ್‌ಗೆ ಇಲ್ಲ. ಯಾವ ನಗರ ಒಳಗೆ, ಯಾವುದು ಹೊರಗೆ ಅನ್ನೋ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ಬದಲಾಯಿಸುತ್ತಾರೆ. ಹಾಗಾಗಿ ಟೊರಾಂಟೊ ಸುತ್ತಮುತ್ತಲೇ ನೂರು ಕಡೆ ಅರ್ಜಿ ಹಾಕುವ ಮೊದಲು ಆ ಪಟ್ಟಿ ನೋಡಿ. ಸಣ್ಣ ಊರಿನ ಒಂದು ಹೋಟೆಲ್ ದೊಡ್ಡ ನಗರದ ಹತ್ತು ಹೋಟೆಲ್‌ಗಿಂತ ನಿಮಗೆ ಹತ್ತಿರ ಇರಬಹುದು. ಚಳಿ ಜಾಸ್ತಿ ಇರುತ್ತೆ, ಅದು ಬೇರೆ ಮಾತು.

ಓನರ್ ಸಿಕ್ಕಿ, ಎಲ್‌ಎಂಐಎ ಬಂತು ಅಂದುಕೊಳ್ಳಿ. ಹೊಸ ಪರ್ಮಿಟ್ ಕೈಗೆ ಬರೋಕೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಈ ಕಾಯುವಿಕೆಯ ನಡುವೆಯೇ ಕೆಲಸ ಶುರು ಮಾಡಲು ಒಂದು ಬಾಗಿಲು ಇದೆ. ಕೋವಿಡ್ ಹೊತ್ತಲ್ಲಿ, 2020ರ ಮೇ ತಿಂಗಳಲ್ಲಿ ತಂದ ತಾತ್ಕಾಲಿಕ ನೀತಿ ಅದು. 2025ರಲ್ಲಿ ಮತ್ತೆ ಮುಂದುವರಿಸಿದರು. ಹೊಸ ಪರ್ಮಿಟ್‌ಗೆ ಆನ್‌ಲೈನ್ ಅರ್ಜಿ ಹಾಕಿ, ಆಮೇಲೆ ಇಲಾಖೆಯ ವೆಬ್ ಫಾರ್ಮ್‌ನಲ್ಲಿ ಈ ನೀತಿಯ ಕೆಳಗೆ ಅನುಮತಿ ಕೊಡಿ ಅಂತ ಕೇಳಬೇಕು. ಅವರು ಪರಿಶೀಲಿಸಿ ಇಮೇಲ್ ಕಳಿಸುತ್ತಾರೆ. ಆ ಇಮೇಲ್ ಬಂದ ಮೇಲೆಯೇ ಹೊಸ ಕಡೆ ಕೆಲಸಕ್ಕೆ ಹೋಗಬೇಕು. ಅರ್ಜಿ ಹಾಕಿದ ರಸೀದಿ ಹಿಡಿದುಕೊಂಡು ಹೋದವರನ್ನು ನೋಡಿದ್ದೇನೆ. ರಸೀದಿ ಅನುಮತಿ ಅಲ್ಲ. ಇಂಥ ನೀತಿಗಳು ಯಾವಾಗ ಬೇಕಾದರೂ ನಿಲ್ಲಬಹುದು, ಆದ್ದರಿಂದ ಅರ್ಜಿ ಹಾಕುವ ದಿನ ಅದು ಇನ್ನೂ ಜಾರಿಯಲ್ಲಿದೆಯಾ ಅಂತ ಇಲಾಖೆಯ ಪುಟದಲ್ಲೇ ನೋಡಿಕೊಳ್ಳಿ.

ಹಳಬರು ಇನ್ನೊಂದು ಉಪಾಯ ಹೇಳಿಯೇ ಹೇಳುತ್ತಾರೆ: "ನಯಾಗರ ಬಾರ್ಡರಿಗೆ ಹೋಗು, ಅಮೆರಿಕದ ಕಡೆ ಕಾಲಿಟ್ಟು ವಾಪಸ್ ಬಾ, ಅಲ್ಲೇ ಪರ್ಮಿಟ್ ಪ್ರಿಂಟ್ ಮಾಡಿ ಕೊಡ್ತಾರೆ." ಫ್ಲ್ಯಾಗ್‌ಪೋಲಿಂಗ್ ಅಂತಾರೆ ಇದಕ್ಕೆ. ಒಂದು ಕಾಲದಲ್ಲಿ ನಿಜಕ್ಕೂ ಆಗುತ್ತಿತ್ತು. 2024ರ ಡಿಸೆಂಬರ್ 23ರಿಂದ ಕೆಲವೇ ವಿನಾಯಿತಿ ಬಿಟ್ಟು ಎಲ್ಲರಿಗೂ ಬಂದ್. ಪೆಟ್ರೋಲ್ ದಂಡ.

ಈಗ ನಿಮ್ಮ ಓನರ್ ವಿಷಯಕ್ಕೆ ವಾಪಸ್ ಬರ್ತೀನಿ, ಯಾಕೆಂದರೆ "ಕ್ಯಾನ್ಸಲ್ ಮಾಡಿಸಿದ್ದೀನಿ" ಅಂತ ಹೆದರಿಸುವವರು ಸಾಮಾನ್ಯವಾಗಿ ಅಷ್ಟಕ್ಕೇ ನಿಂತಿರಲ್ಲ. ಓವರ್‌ಟೈಮ್ ಕೊಟ್ಟಿರಲಿಲ್ಲವಾ? ಸಂಬಳ ಬ್ಯಾಂಕಿಗೆ ಹಾಕಿ ಅರ್ಧ ಕ್ಯಾಶಾಗಿ ವಾಪಸ್ ತಗೊಳ್ಳುತ್ತಿದ್ದರಾ? ಬೈಯುವುದು, ಹೊಡೆಯುವುದು, ಮೈಮುಟ್ಟುವುದು? ಇಂಥದ್ದೇನಾದರೂ ನಡೆದಿದ್ದರೆ, ದೌರ್ಜನ್ಯಕ್ಕೆ ಒಳಗಾದ ಕೆಲಸಗಾರರಿಗೆ ಅಂತಲೇ ಒಂದು ಓಪನ್ ವರ್ಕ್ ಪರ್ಮಿಟ್ ಇದೆ. 2019ರ ಜೂನ್ 4ರಿಂದ ಜಾರಿಯಲ್ಲಿದೆ. ಅರ್ಜಿಗೆ ಫೀಸಿಲ್ಲ. ಎಲ್‌ಎಂಐಎ ಬೇಡ. ಯಾವ ಓನರ್ ಹತ್ತಿರ ಬೇಕಾದರೂ ದುಡಿಯಬಹುದು. ಮುಖ್ಯ ಷರತ್ತು ಏನಂದರೆ, ಅರ್ಜಿ ಹಾಕುವಾಗ ನಿಮ್ಮ ಕ್ಲೋಸ್ಡ್ ಪರ್ಮಿಟ್ ಜೀವಂತ ಇರಬೇಕು, ಅಥವಾ ಅದು ಮುಗಿಯುವ ಮೊದಲೇ ಹಾಕಿದ ನವೀಕರಣದ ಅರ್ಜಿ ಬಾಕಿ ಇರಬೇಕು. ಕೆಲಸ ಸಿಗದೇ ಇರುವುದಕ್ಕೆ ಇದು ಸಿಗಲ್ಲ, ಬರೀ ಲೇಆಫ್ ಆದವರು ಹಾಕಿದರೆ ತಿರಸ್ಕಾರ ಆಗುತ್ತೆ. ಆದರೆ ನಿಜವಾಗಿ ಅನುಭವಿಸಿದವರು "ಅಯ್ಯೋ, ಅದೆಲ್ಲ ದೌರ್ಜನ್ಯವಾ, ಎಲ್ಲರಿಗೂ ಹಾಗೇ ಅಲ್ವಾ" ಅಂತ ಬಿಟ್ಟುಬಿಡುತ್ತಾರೆ. ಸಂಬಳ ಕದಿಯುವುದೂ ಇದರಲ್ಲಿ ಬರುತ್ತೆ. ಓನರ್ ಕಳಿಸಿದ ಮೆಸೇಜು, ಶಿಫ್ಟ್ ಪಟ್ಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಯಾವ ದಿನ ಏನಾಯ್ತು ಅಂತ ನಿಮ್ಮದೇ ಕೈಬರಹದ ಟಿಪ್ಪಣಿ, ಎಲ್ಲ ಒಟ್ಟು ಮಾಡಿ. ಫೋನ್ ಬದಲಾಯಿಸುವ ಯೋಚನೆ ಇದ್ದರೆ ಮೊದಲು ಆ ಚಾಟ್‌ಗಳನ್ನು ಉಳಿಸಿ.

ದುಡ್ಡಿನ ವಿಷಯ. ನೀವು ಹೊರಗಿನವರು ಅಂತ ಕಾರ್ಮಿಕ ಕಾನೂನು ಬೇರೆ ಆಗಲ್ಲ. ಒಂಟಾರಿಯೊದಲ್ಲಿ ಮೂರು ತಿಂಗಳು ದುಡಿದವರನ್ನು ತೆಗೆಯುವಾಗ ಕನಿಷ್ಠ ಒಂದು ವಾರದ ನೋಟಿಸು ಅಥವಾ ಅದರ ಸಂಬಳ ಕೊಡಬೇಕು. ಒಂದು ವರ್ಷ ದಾಟಿದ್ದರೆ ಎರಡು ವಾರ, ಮೂರು ವರ್ಷ ಆದಮೇಲೆ ವರ್ಷಕ್ಕೊಂದು ವಾರದ ಲೆಕ್ಕದಲ್ಲಿ ಎಂಟು ವಾರದವರೆಗೂ ಹೋಗುತ್ತೆ. ಗಂಭೀರ ತಪ್ಪು ಮಾಡಿದವರಿಗೆ ಇದು ಇಲ್ಲ. ಬಾಕಿ ಸಂಬಳ, ರಜೆ ದುಡ್ಡು ಬೇರೆ. ಕೊಡದಿದ್ದರೆ ಪ್ರಾಂತ್ಯದ ಕಾರ್ಮಿಕ ಇಲಾಖೆಗೆ ಎರಡು ವರ್ಷದೊಳಗೆ ದೂರು ಕೊಡಬಹುದು, ಖರ್ಚಿಲ್ಲ. ಕಡಿಮೆ ಸಂಬಳದ ಎಲ್‌ಎಂಐಎ ಮೇಲೆ ಬಂದಿದ್ದರೆ ಹೋಗಿ ಬರುವ ಪ್ರಯಾಣದ ಖರ್ಚೂ ಓನರ್ ತಲೆ ಮೇಲೆಯೇ. ದೇಶ ಬಿಡು ಅಂತ ಜೋರು ಮಾಡುವ ಓನರ್‌ಗೆ ಇದನ್ನ ಸ್ವಲ್ಪ ನೆನಪಿಸಿ ನೋಡಿ.

ನಿಮ್ಮ ಸಂಬಳದಿಂದ ಪ್ರತಿ ಸಲ ಇಐ ಅಂತ ಕತ್ತರಿಸುತ್ತಿದ್ದರಲ್ಲ, ಅದು ನಿರುದ್ಯೋಗ ವಿಮೆ. ವಿದೇಶಿ ಕೆಲಸಗಾರರೂ ಅದಕ್ಕೆ ಅರ್ಜಿ ಹಾಕಬಹುದು. ಪ್ರದೇಶಕ್ಕೆ ತಕ್ಕಂತೆ 420ರಿಂದ 700 ಗಂಟೆ ದುಡಿದಿರಬೇಕು, ನಿಮ್ಮ ತಪ್ಪಿಲ್ಲದೆ ಕೆಲಸ ಹೋಗಿರಬೇಕು, ಹೊಸ ಕೆಲಸ ಹುಡುಕುತ್ತಿದ್ದೀನಿ, ಸಿಕ್ಕರೆ ಮಾಡೋಕೆ ತಯಾರಿದ್ದೀನಿ ಅಂತ ತೋರಿಸಬೇಕು. ಕ್ಲೋಸ್ಡ್ ಪರ್ಮಿಟ್ ಇರುವವರಿಗೆ ಈ ಕೊನೆಯದರ ಬಗ್ಗೆ ಪ್ರಶ್ನೆ ಬರಬಹುದು. ಮುಚ್ಚಿಡಬೇಡಿ, ಯಾವ ಓನರ್‌ಗಳ ಹತ್ತಿರ ಎಲ್‌ಎಂಐಎ ಬಗ್ಗೆ ಮಾತಾಡಿದ್ದೀರಿ ಅಂತ ದಾಖಲೆ ಇಟ್ಟುಕೊಂಡು ಇದ್ದದ್ದನ್ನು ಹೇಳಿ. ಕೊನೆಯ ದಿನದಿಂದ ನಾಲ್ಕು ವಾರದೊಳಗೆ ಅರ್ಜಿ ಹಾಕಬೇಕು. ಓನರ್ ಕೊಡಬೇಕಾದ ಆರ್‌ಒಇ (ನೀವು ಎಷ್ಟು ದಿನ ದುಡಿದಿರಿ, ಯಾಕೆ ಬಿಟ್ಟಿರಿ ಅನ್ನೋ ದಾಖಲೆ) ಬಂದಿಲ್ಲ ಅಂತ ಕಾಯಬೇಡಿ, ಅದಿಲ್ಲದೆಯೂ ಅರ್ಜಿ ಹಾಕಬಹುದು. ಒಂಬತ್ತರಿಂದ ಶುರುವಾಗುವ ನಿಮ್ಮ ಸಿನ್ ನಂಬರಿಗೂ (ಕೆಲಸ ಮಾಡಲು ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಪರ್ಮಿಟ್ಟಿನ ತಾರೀಖೇ ಕೊನೆ, ಅದು ನೆನಪಿರಲಿ.

ಹೆಂಡತಿಗೋ ಗಂಡನಿಗೋ ನಿಮ್ಮ ಪರ್ಮಿಟ್ ಆಧಾರದ ಮೇಲೆ ಓಪನ್ ಪರ್ಮಿಟ್ ಸಿಕ್ಕಿದ್ದರೆ, ನಿಮ್ಮ ಕೆಲಸ ಹೋಯ್ತು ಅಂತ ಅದು ತಾನಾಗಿ ರದ್ದಾಗಲ್ಲ. ನವೀಕರಿಸುವಾಗ ಕಷ್ಟ. ಪಿಆರ್ ಬಗ್ಗೆ ಚಿಂತೆ ಇರುವವರಿಗೆ ಒಂದು ಮಾತು: ಅಂಕದ ಲೆಕ್ಕದಲ್ಲಿ ಪಿಆರ್‌ಗೆ ಆರಿಸುವ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಜಾಬ್ ಆಫರ್‌ಗೆ ಕೊಡುತ್ತಿದ್ದ ಅಂಕಗಳನ್ನು 2025ರ ಮಾರ್ಚ್ 25ರಂದೇ ತೆಗೆದುಹಾಕಿದ್ದಾರೆ, ಆದ್ದರಿಂದ ಆ ಲೆಕ್ಕದಲ್ಲಿ ಕಳೆದುಕೊಳ್ಳಲು ಏನೂ ಇಲ್ಲ. ಆದರೆ ಪ್ರಾಂತ್ಯದ ನಾಮನಿರ್ದೇಶನ (ಇವರಿಗೆ ಪಿಆರ್ ಕೊಡಿ ಅಂತ ಪ್ರಾಂತ್ಯ ಮಾಡುವ ಶಿಫಾರಸು) ಇದೇ ಓನರ್ ಕೊಟ್ಟ ಕೆಲಸದ ಆಧಾರದ ಮೇಲೆ ಬಂದಿದ್ದರೆ ಕೂಡಲೇ ಆ ಪ್ರಾಂತ್ಯಕ್ಕೆ ತಿಳಿಸಬೇಕು, ಮುಚ್ಚಿಟ್ಟರೆ ಆಮೇಲೆ ದೊಡ್ಡ ತಲೆನೋವು.

ಹನ್ನೊಂದು ತಿಂಗಳು ಜಾಸ್ತಿ ಅನಿಸುತ್ತೆ, ಬೇಗ ಕರಗಿಹೋಗುತ್ತೆ. ಕೊನೆಯ ಎರಡು ತಿಂಗಳಿಗೆ ಬಂದರೂ ಏನೂ ಆಗಿಲ್ಲ ಅಂದರೆ, ತಾರೀಖು ಮುಗಿಯುವ ಮೊದಲೇ ವಿಸಿಟರ್ ರೆಕಾರ್ಡ್‌ಗೆ, ಅಂದರೆ ಸಂದರ್ಶಕರಾಗಿ ಇಲ್ಲಿರಲು ಕೊಡುವ ಅನುಮತಿ ಪತ್ರಕ್ಕೆ, ಅರ್ಜಿ ಹಾಕಿ. ಉತ್ತರ ಬರುವವರೆಗೂ ಇಲ್ಲೇ ಇರಬಹುದು, ದುಡಿಯುವ ಹಾಗಿಲ್ಲ. ತಾರೀಖು ತಪ್ಪಿಹೋದರೆ ಸ್ಟೇಟಸ್ ವಾಪಸ್ ಪಡೆಯಲು 90 ದಿನ ಅವಕಾಶ ಇದೆ, ಆದರೆ ಅದಕ್ಕೆ ಬೇರೆ ಫೀಸು, ಒಪ್ಪುತ್ತಾರೆ ಅನ್ನೋ ಗ್ಯಾರಂಟಿಯೂ ಇಲ್ಲ. ಅದನ್ನು ನಂಬಿಕೊಂಡು ಕೂರಬೇಡಿ.

ಕೊನೆಗೆ, "ಹೇಗೂ ಕೆಲಸ ಇಲ್ಲ, ಊರಿಗೆ ಹೋಗಿ ಒಂದು ತಿಂಗಳು ಇದ್ದು ಬರಲಾ" ಅಂತ ಮುಂದಿನ ಪ್ರಶ್ನೆ ಬರುತ್ತೆ ಅಂತ ನನಗೆ ಗೊತ್ತು. ಬೇಡ. ವಾಪಸ್ ಬರುವಾಗ ಏರ್‌ಪೋರ್ಟಿನಲ್ಲಿ ಅಧಿಕಾರಿ ಕೇಳುವ ಮೊದಲ ಪ್ರಶ್ನೆ ಎಲ್ಲಿ ಕೆಲಸ ಮಾಡ್ತೀಯಾ ಅಂತ. ಆ ಓನರ್ ಹತ್ತಿರ ಕೆಲಸ ಇಲ್ಲ ಅಂದರೆ ಒಳಗೆ ಬಿಡದೇ ಇರಬಹುದು, ಇದೆ ಅಂತ ಸುಳ್ಳು ಹೇಳಿದರೆ ಐದು ವರ್ಷ ಕೆನಡಾ ಬಾಗಿಲು ಮುಚ್ಚಬಹುದು. ಮನೆಯವರಿಗೆ ಸದ್ಯಕ್ಕೆ ವಿಡಿಯೊ ಕಾಲ್ ಮಾಡಿ.